ಕೊಸರಿಗೆ ಕಾದ ಚಿಕ್ಕನಿಂಗಮ್ಮ

ಹೂ ಮಾರುವವರಲ್ಲಿ ಎರಡು ಬಗೆ. ಮೊಳ ಹಾಕುವಾಗ ಬೆರಳು ಮಡಚಿಕೊಳ್ಳುವವರು ಒಂದು ಬಗೆ, ಬೆರಳು ಚಾಚುವವರು ಇನ್ನೊಂದು ಬಗೆ. ಚಾಮರಾಜನಗರದಲ್ಲಿ ಕಲಂದರನ ಗೇಮ್ ಅಂಗಡಿಯ ಮೆಟ್ಟಿಲ ಪಕ್ಕ ಮಂಕರಿ ಇಟ್ಟುಕೊಂಡು ಕೂರುತ್ತಿದ್ದ ಚಿಕ್ಕನಿಂಗಮ್ಮ ಎರಡನೆಯ ಬಗೆಯವಳು. ಬೆರಳು ಚಾಚಿ ಅಳೆದದ್ದು ಸಾಲದು ಎಂಬಂತೆ, ದಾರ ಕತ್ತರಿಸುವ ಮುಂಚೆ ಇನ್ನೊಂದು ಗೇಣು ಮುಂದಕ್ಕೆ ಬಿಡುತ್ತಿದ್ದಳು. ಆ ಗೇಣು ಕೊಸರು. ಅದಕ್ಕೆ ಕಾಸಿಲ್ಲ. ಪೇಟೆಯ ಉಳಿದ ಹೂವಿನ ಹೆಂಗಸರು ಇದಕ್ಕಾಗಿ ಅವಳನ್ನು ಬೈಯದ ದಿನವಿರಲಿಲ್ಲ.

"ನಿನ್ನಿಂದ ನಮ್ ಯಾಪಾರನೇ ಕೆಟ್ಟೋಯ್ತು ಕಣೆ ನಿಂಗಮ್ಮ. ಜನ ಕೇಳಕ್ಕೆ ಸುರು ಮಾಡವ್ರೆ."

"ಕೇಳುದ್ ಮ್ಯಾಲೆ ಆಕದು ಕೊಸರಲ್ಲ ಕಣಮ್ಮಿ" ಎನ್ನುತ್ತಿದ್ದಳು ಅವಳು, ತಲೆಯೆತ್ತದೆ ಹೂ ಕಟ್ಟುತ್ತ. "ಕೇಳಕ್ಕೆ ಮುಂಚೆ ಬೀಳ್ಬೇಕು."

ಕಲಂದರನಿಗೆ ಈ ಮಾತು ಹಿಡಿಸುತ್ತಿತ್ತು. ಅವನಪ್ಪ ತಳ್ಳುಗಾಡಿಯಲ್ಲಿ ಬಾಳೆಹಣ್ಣು ಮಾರಿದವನು. ಡಜನ್ ಎಂದರೆ ಆ ಮನುಷ್ಯನ ಲೆಕ್ಕದಲ್ಲಿ ಹದಿಮೂರು. ಮಗ ತಳ್ಳುಗಾಡಿ ಮುಟ್ಟಲಿಲ್ಲ. ಮೈಸೂರಿನಲ್ಲಿ ಕಂಪ್ಯೂಟರ್ ರಿಪೇರಿ ಕಲಿತು ಬಂದು, ಎರಡು ಸಾವಿರದ ಐದರಲ್ಲಿ ಹಳೆಯ ಕಂಪ್ಯೂಟರುಗಳನ್ನು ಜೋಡಿಸಿ ಗೇಮ್ ಅಂಗಡಿ ತೆರೆದ. ಆದರೆ ಅಪ್ಪನ ಚಾಳಿ ಎಲ್ಲಿ ಹೋದೀತು? ಗಂಟೆ ಮುಗಿದರೂ ಆಡುವವರನ್ನು ಎಬ್ಬಿಸುತ್ತಿರಲಿಲ್ಲ. "ಇನ್ನೊಂಚೂರು ಆಡಿ, ಕೊಸರು" ಎನ್ನುತ್ತಿದ್ದ. ಅವನ ಹೆಂಡತಿ ತಾಹಿರಾ ಗುಂಡ್ಲುಪೇಟೆಯವಳು, ಬಾಯಿ ಜೋರು. "ಒಂದಿನ ಮನೆ ಬಾಗಿಲನ್ನೂ ಕಿತ್ತು ಕೊಸರು ಅಂತ ಕೊಟ್ಟುಬಿಡ್ತೀರ" ಎಂದು ಉರ್ದುವಿನಲ್ಲಿ ಗೊಣಗುತ್ತಿದ್ದಳು.

ಚಿಕ್ಕನಿಂಗಮ್ಮ ದಿನಾ ಬೆಳಿಗ್ಗೆ ಮೊದಲ ಕಂಪ್ಯೂಟರಿನ ತಲೆಗೆ ಒಂದು ತುಂಡು ಕಾಕಡ ಹೂ ಇಳಿಬಿಡುತ್ತಿದ್ದಳು. ಅದರೊಳಗೆ ಏನು ನಡೆಯುತ್ತದೆಂದು ಮಾತ್ರ ತಿರುಗಿ ನೋಡಿದವಳಲ್ಲ. ಬಂದೂಕಿನ ಸದ್ದು ಕೇಳಿದಾಗಲೆಲ್ಲ "ಅದೇನ್ ಬಡ್ಕೊಂಡ್ ಸಾಯ್ತವೋ" ಎಂದು ಕಿವಿಗೆ ಸೆರಗು ಮುಚ್ಚಿಕೊಳ್ಳುತ್ತಿದ್ದಳು. ಒಂದು ಆಟ ಬರುವ ತನಕ ಹೀಗೇ ಇತ್ತು.

ಆ ಆಟವನ್ನು ಕಲಂದರ್ ಬೆಂಗಳೂರಿನಿಂದ ತಂದ. ಉಳಿದ ಅಂಗಡಿಗಳಲ್ಲೆಲ್ಲ ಕದ್ದು ನಕಲು ಮಾಡಿದ ಸಿ.ಡಿ.ಗಳೇ. ಕಲಂದರನಿಗೆ ಹರಾಮಿನ ವ್ಯಾಪಾರ ಬೇಡ; ಡಬ್ಬಿಯ ಸಮೇತ ಅಸಲಿ ಮಾಲೇ ಆಗಬೇಕು. ಎಲ್ಲರೂ ನಕ್ಕರು. ಡಬ್ಬಿಯ ಮೇಲೆ ಇಂಗ್ಲಿಷಿನಲ್ಲಿ ಉದ್ದನೆಯ ಹೆಸರಿತ್ತು, ಅಂಗಡಿಯಲ್ಲಿ ಅದು 'ಅಕ್ಕನ ಆಟ' ಆಯಿತು. ಯುದ್ಧ ನಡೆದು ಹಾಳಾದ ಒಂದು ಹಿಮದ ದೇಶ. ಅಲ್ಲಿ ಒಬ್ಬ ಅಕ್ಕ, ಮನೆ ಬಿಟ್ಟುಹೋದ ತಂಗಿಯನ್ನು ಹುಡುಕುತ್ತ ನಡೆಯುತ್ತಾಳೆ. ಗುಂಡು ಹಾರಿಸುವುದು ಕಡಿಮೆ, ನಡೆಯುವುದು ಹೆಚ್ಚು. ಗಿರಾಕಿಗಳು ಅದನ್ನು ಮೂಸಿಯೂ ನೋಡಲಿಲ್ಲ. ತಂದ ತಪ್ಪಿಗೆ ಕಲಂದರನೇ ಮಧ್ಯಾಹ್ನ ಅಂಗಡಿ ಖಾಲಿಯಿದ್ದಾಗ ಆಡುತ್ತ ಕೂರುತ್ತಿದ್ದ.

ಒಂದು ಮಧ್ಯಾಹ್ನ ಮಳೆ ಸುರಿಯಿತು. ಚಿಕ್ಕನಿಂಗಮ್ಮ ಮಂಕರಿ ಎತ್ತಿಕೊಂಡು ಅಂಗಡಿಯೊಳಗೆ ಬಂದಳು. ಅವನ ಬೆನ್ನ ಹಿಂದೆ ಕೂತು ಹೂ ಕಟ್ಟುತ್ತಿದ್ದವಳು ಯಾವಾಗಲೋ ತಲೆಯೆತ್ತಿದಳು.

"ಯಾರಪ್ಪ ಆ ಎಣ್ಣು? ಅಷ್ಟೊಂದು ಸೀತದಲ್ಲಿ ಮೈ ಮ್ಯಾಲೊಂದು ಸಾಲು ಬ್ಯಾಡ್ವಾ?"

"ತಂಗಿನ ಹುಡುಕ್ಕೊಂಡು ಹೊಂಟವ್ಳೆ ಕಣಕ್ಕ" ಎಂದ ಕಲಂದರ್, ಮೌಸಿನಿಂದ ಕೈ ತೆಗೆಯದೆ. "ಮನೆ ಬುಟ್ಟು ಓಡೋಗಿದ್ದ ತಂಗಿ. ಜಗಳ ಆಡಿ ಓಗ್ಬುಟ್ಟವ್ಳೆ."

ಅವನು ತಿರುಗಿ ನೋಡಿದ. ಅವಳ ಬೆರಳಲ್ಲಿ ದಾರ ಹಾಗೇ ನಿಂತಿತ್ತು. ಮಳೆ ನಿಂತ ಎಷ್ಟೋ ಹೊತ್ತಿನ ಮೇಲೂ ಅವಳು ಏಳಲಿಲ್ಲ.

ಮಾರನೆಯ ದಿನ ಮಳೆಯಿರಲಿಲ್ಲ. ಆದರೂ ಬಂದು ಕೂತಳು. "ಸಿಕ್ಕುದ್ಳಾ?" ಎಂದಳು.

ಅಲ್ಲಿಂದ ಅದು ದಿನದ ಕಥೆಯಾಯಿತು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಮಾತು ಮೂಡುವುದು, ಕಲಂದರ್ ಅದನ್ನು ಕನ್ನಡದಲ್ಲಿ ಹೇಳುವುದು. ಅವನ ಇಂಗ್ಲಿಷು ಅಷ್ಟಕ್ಕಷ್ಟೆ. ತಿಳಿಯದ ಕಡೆ ತನ್ನದೇ ಉಪ್ಪುಖಾರ ಹಾಕುತ್ತಿದ್ದ. ಚಿಕ್ಕನಿಂಗಮ್ಮನೋ, ಪರದೆಯ ಅಕ್ಕನನ್ನು ಬೈಯುತ್ತ, ದಾರಿ ತೋರಿಸುತ್ತ, ಗಿರಾಕಿ ಕರೆದರೆ "ತಡ್ಕಳವ್ವ, ಇವ್ಳು ಸೇತುವೆ ದಾಟ್ಲಿ" ಎನ್ನುತ್ತ ಕೂತುಬಿಟ್ಟಳು. ನೋಡಿದವರಿಗೆ ನಗು. ಕಲಂದರನಿಗೂ ಮೊದಮೊದಲು ನಗುವೇ. ಆಮೇಲೆ ಅವಳ ಕಥೆ ತಿಳಿಯಿತು.

ಚಿಕ್ಕನಿಂಗಮ್ಮ ಹರವೆ ಎಂಬ ಹಳ್ಳಿಯವಳು. ತಾಯಿ ಸತ್ತಾಗ ತಂಗಿ ನಾಗಮಣಿ ಇನ್ನೂ ನಡೆಯಲು ಕಲಿತಿರಲಿಲ್ಲ. ಸೊಂಟದಲ್ಲಿ ಹೊತ್ತು ಸಾಕಿದಳು. ರೇಷ್ಮೆ ಕೆಲಸದ ನಾಗಯ್ಯನನ್ನು ಮದುವೆಯಾಗಿ ಚಾಮರಾಜನಗರಕ್ಕೆ ಬರುವಾಗ ತಂಗಿಯನ್ನೂ ಜೊತೆಗೆ ತಂದಳು. ತನಗೆ ಮಕ್ಕಳಾಗಲಿಲ್ಲ, ಇವಳಿದ್ದಾಳಲ್ಲ ಎಂದುಕೊಂಡಳು. ಹುಡುಗಿಗೆ ಗಂಡು ನೋಡಿ, ನೆಂಟರಿಗೆಲ್ಲ ಹೇಳಿ, ನಾಳೆ ವೀಳ್ಯಶಾಸ್ತ್ರ ಎನ್ನುವಾಗ ನಾಗಮಣಿ ಚಿಕ್ಕಮಾದು ಎಂಬ ಲಾರಿ ಡ್ರೈವರನ ಜೊತೆ ಹೊರಟುಹೋದಳು. ಹತ್ತು ಜನರ ಎದುರು ಚಿಕ್ಕನಿಂಗಮ್ಮನ ತಲೆ ತಗ್ಗಿತು.

ವರ್ಷ ಕಳೆದು ಒಂದು ಬಿಸಿಲ ಮಧ್ಯಾಹ್ನ ನಾಗಮಣಿ ಬಂದಳು. ಬಾಗಿಲು ಬಡಿದಳು. "ಅಕ್ಕಾ, ನಾನು ಕಣಕ್ಕ" ಎಂದಳು. ಚಿಕ್ಕನಿಂಗಮ್ಮ ಒಳಗೇ ಇದ್ದಳು, ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಳು. ತೆಗೆಯಲಿಲ್ಲ. ಬಿಸಿಲು ಇಳಿಯುವ ತನಕ ಆಗಾಗ ಬಡಿತ ಕೇಳಿತು, ಆಮೇಲೆ ಬಳೆಯ ಸದ್ದು ದೂರವಾಯಿತು. ಅಷ್ಟೆ. ಇದು ಇಪ್ಪತ್ತು ವರ್ಷದ ಹಿಂದಿನ ಮಾತು. ತಂಗಿ ಗುಂಡ್ಲುಪೇಟೆಯಲ್ಲಿ ಚೆಂಡುಹೂವಿನ ಹೊಲಗಳಿಗೆ ಕೂಲಿಗೆ ಹೋಗುತ್ತಾಳೆ ಎಂದು ಅವಳಿಗೆ ಗೊತ್ತಿತ್ತು. ಗುಂಡ್ಲುಪೇಟೆ ಏನು ಸಪ್ತ ಸಮುದ್ರದಾಚೆ ಇದೆಯೇ? ಬಸ್ಸು ಹತ್ತಿ ಒಂದು ನಿದ್ದೆ ತೆಗೆಯುವಷ್ಟರಲ್ಲಿ ಬರುವ ಊರು. ನಾಗಯ್ಯ ಸತ್ತಾಗಲೂ ಅವಳು ಹೇಳಿ ಕಳಿಸಲಿಲ್ಲ. ಮೊದಲು ಕೋಪ ಇತ್ತು. ಕೋಪ ಹೋದ ಮೇಲೆ ಅದರ ಜಾಗದಲ್ಲಿ ಹೆದರಿಕೆ ಬಂದು ಕೂತಿತು.

"ನಾನು ಓಗಿ ಬಾಗ್ಲು ಬಡುದ್ರೆ, ಅವ್ಳೂ ನನ್ನಂಗೇ ಮಾಡುದ್ರೆ?" ಎಂದಳು ಒಂದು ದಿನ ಕಲಂದರನಿಗೆ. "ಅಲ್ಲೇ ಬಿದ್ದು ಸತ್ತೋಯ್ತೀನಿ ಕಣಪ್ಪ."

ಅವಳು ಹರವೆಯ ಮಾರಮ್ಮನ ಹತ್ತಿರ ಹೂ ಕೇಳಿ ಬಂದಿದ್ದಳು. ದೇವಿಯ ತಲೆಯ ಮೇಲೆ ಹೂವಿಟ್ಟು ಮನಸ್ಸಿನಲ್ಲಿ ಕೇಳಿಕೊಳ್ಳುವುದು. ಬಲಗಡೆ ಬಿದ್ದರೆ ಹೋಗು ಎಂದು ಅರ್ಥ, ಎಡಗಡೆ ಬಿದ್ದರೆ ಬೇಡ ಎಂದು. ಹೂ ಬಲಕ್ಕೂ ಬೀಳಲಿಲ್ಲ, ಎಡಕ್ಕೂ ಬೀಳಲಿಲ್ಲ. ಇಟ್ಟಲ್ಲೇ ಕೂತಿತ್ತು. ಕತ್ತಲಾಯಿತೆಂದು ಪೂಜಾರಿ ಗುಡಿಯ ಬಾಗಿಲು ಹಾಕಿಕೊಂಡ. ಅಪ್ಪಣೆ ಸಿಗದೆ ವಾಪಸ್ಸು ಬಂದವಳಿಗೆ ಕಲಂದರನ ಪರದೆಯ ಮೇಲೆ ಅಕ್ಕತಂಗಿಯರ ಕಥೆ ಸಿಕ್ಕಿತ್ತು.

ಆ ಆಟ ಮಾಡಿದ ಕಂಪನಿಯವರು ಆಗಾಗ ಇಂಟರ್‌ನೆಟ್‌ನಲ್ಲಿ ಹೊಸ ತುಂಡುಗಳನ್ನು ಬಿಡುತ್ತಿದ್ದರು. ಅಸಲಿ ಡಬ್ಬಿ ಕೊಂಡವರು ಡೌನ್‌ಲೋಡ್ ಮಾಡಿಕೊಳ್ಳಬಹುದು, ಪುಕ್ಕಟೆ. ಮೊದಲು ಬಂದದ್ದು ಒಂದು ಉಣ್ಣೆಯ ಕೋಟು. ಕಲಂದರನ ಅಂಗಡಿಯ ಫೋನ್ ಲೈನಿನಲ್ಲಿ ಅಷ್ಟು ಇಳಿಯಲು ಬೆಳಿಗ್ಗೆಯಿಂದ ಸಂಜೆಯಾಯಿತು. ಗುಂಡ್ಲುಪೇಟೆಯಿಂದ ಮಾವ ಫೋನು ಮಾಡಿ ಮಾಡಿ, ಲೈನು ಸಿಗದೆ ಬೇಸತ್ತರು. ಸಂಜೆ ಪರದೆಯ ಅಕ್ಕ ಕೋಟು ತೊಟ್ಟು ಹಿಮದಲ್ಲಿ ನಡೆದಾಗ ಚಿಕ್ಕನಿಂಗಮ್ಮನಿಗೆ ಆದ ಸಂತೋಷ ಹೇಳತೀರದು.

"ಇದುಕ್ಕೆ ಎಷ್ಟ್ ಕೊಟ್ಟೆ?"

"ಏನಿಲ್ಲ ಕಣಕ್ಕ. ಕೊಸರು."

"ಅಂಗಾರೆ ಆ ಕಂಪ್ನಿಯೋನು ಒಳ್ಳೆ ಮನೆತನದೋನು ಬುಡು" ಎಂದು ಸರ್ಟಿಫಿಕೇಟ್ ಕೊಟ್ಟೇಬಿಟ್ಟಳು. ಅವತ್ತು ಕಂಪ್ಯೂಟರಿಗೆ ಬಿದ್ದ ಹೂ ಒಂದು ಮೊಳವೇ ಇತ್ತು.

ಆಟ ಕೊನೆಗೆ ಬಂತು. ಬೆಟ್ಟದ ತಪ್ಪಲಲ್ಲಿ ಒಂದು ಪುಟ್ಟ ಮನೆ, ಕಿಟಕಿಯಲ್ಲಿ ದೀಪ. ಒಳಗಿರುವುದು ತಂಗಿಯೇ ಎಂದು ಗೊತ್ತಾಗಿದೆ. ಅಕ್ಕ ಮೆಟ್ಟಿಲು ಹತ್ತಿ ಕೋಟಿನ ಹಿಮ ಕೊಡವಿ ಬಾಗಿಲು ಬಡಿದಳು. ಪರದೆ ಕಪ್ಪಾಯಿತು. ಕೆಳಗಿನಿಂದ ಮೇಲಕ್ಕೆ ಹೆಸರುಗಳು ಓಡತೊಡಗಿದವು.

"ಮುಗೀತು ಕಣಕ್ಕ."

"ಎಂಗ್ಲಾ ಮುಗೀತದೆ? ಬಾಗ್ಲು ತಗೀನಿಲ್ವಲ್ಲ!" ಚಿಕ್ಕನಿಂಗಮ್ಮ ಎದ್ದೇ ನಿಂತಿದ್ದಳು.

"ಮುಂದಿನ ತುಂಡು ಬತ್ತದೆ. ಕೋಟು ಬರ್ಲಿಲ್ವಾ, ಅಂಗೇ."

ಅವಳು ಆ ಹೆಸರುಗಳಿಂದ ಕಣ್ಣು ಕೀಳದೆ ಹೇಳಿದಳು: "ಆ ತಂಗಿ ಬಾಗ್ಲು ತಗುದ್ರೆ ನಾನೂ ಗುಂಡ್ಲುಪೇಟೆಗೆ ಓಯ್ತೀನಿ. ತಗೀನಿಲ್ಲ ಅಂದ್ರೆ ಇಲ್ಲೇ ಇರ್ತೀನಿ. ಮಾರಮ್ಮ ಕೊಡ್ದೆ ಇದ್ದ ಅಪ್ಪಣೆ ಇಲ್ಲೇ ಸಿಗ್ಲಿ."

ಕಲಂದರನಿಗೆ ನಗು ಬಂತು. ಅವಳ ಮುಖ ನೋಡಿ ನುಂಗಿಕೊಂಡ.

ಮುಂದೆ ಎರಡು ಕೊಸರು ಬಂದವು. ಒಂದರಲ್ಲಿ ದೋಣಿ, ಇನ್ನೊಂದರಲ್ಲಿ ದಾರಿಯ ಮಗ್ಗುಲಿನ ಒಂದು ಹಳ್ಳಿ. ಇಳಿಸಿದಾಗಲೆಲ್ಲ ಅವಳು ಬಂದು ಮುಂದೆ ಕೂತು "ಬಾಗ್ಲು?" ಎನ್ನುವಳು. "ಇದ್ರಲ್ಲಿಲ್ಲ ಕಣಕ್ಕ" ಎನ್ನುವನು ಅವನು. ಹೀಗೆ ಎರಡು ಸಾವಿರದ ಏಳು ಮುಗಿಯುತ್ತ ಬಂತು. ಆಗ ಕಂಪನಿಯಿಂದ ಸುದ್ದಿ ಬಂತು: ಬಾಗಿಲ ಆಚೆಗಿನ ಕಥೆ ಸಿದ್ಧವಾಗಿದೆ. ಆದರೆ ಡೌನ್‌ಲೋಡಿಗೆ ಅಲ್ಲ. ಎಕ್ಸ್‌ಪ್ಯಾನ್ಷನ್ ಪ್ಯಾಕ್ ಎಂದು ಬೇರೆಯೇ ಡಬ್ಬಿ ಮಾಡಿದ್ದಾರೆ, ಕಾಸು ಕೊಟ್ಟು ಕೊಳ್ಳಬೇಕು.

ಕಲಂದರನಿಗೆ ಮೈಯೆಲ್ಲ ಉರಿಯಿತು. ಕೋಟು ಪುಕ್ಕಟೆ, ದೋಣಿ ಪುಕ್ಕಟೆ, ಕಡೇ ತುತ್ತಿಗೆ ಮಾತ್ರ ಕಾಸೇ? ಆದರೂ ಅವನು ವ್ಯಾಪಾರಿ. ಸಿಟ್ಟನ್ನು ಹೊಟ್ಟೆಗೆ ಹಾಕಿಕೊಂಡು ಹೊರಗೆ ಬಂದು, "ಬುಡಕ್ಕ, ನಾಳೆ ಮೈಸೂರಿಗೆ ಓಗಿ ತಂದ್ಬುಡ್ತೀನಿ" ಎಂದ.

ಚಿಕ್ಕನಿಂಗಮ್ಮ ಹೂ ಕಟ್ಟುವುದನ್ನು ನಿಲ್ಲಿಸಿದಳು. "ಬ್ಯಾಡ."

"ನೀನೇನೂ ಕೊಡ್ಬ್ಯಾಡ, ನನ್ ಅಂಗಡಿಗೆ ನಾನ್ ತತ್ತೀನಿ. ಅದ್ನ ಮಾಡಕ್ಕೂ ಜನ ದುಡಿದಿರ್ತಾರಲ್ಲಕ್ಕ."

"ದುಡಿದಿದ್ರೆ ಮೊದ್ಲೇ ಮೊಳದಲ್ಲೇ ಸೇರ್ಸಿ ಕೇಳ್ಬೇಕಾಗಿತ್ತು. ಮೊಳ ಅಂತ ಯೋಳಿ ಮುಕ್ಕಾಲು ಮೊಳ ಕತ್ತರ್ಸಿ ಕೊಟ್ಟು, ಉಳ್ದಿದ್ ಕಾಲ್ ಮೊಳನ ಆಮೇಕೆ ಮಾರದಾ? ಯಾವ ಹೂವಾಡಗಿತ್ತಿನೂ ಅಂಗ್ ಮಾಡಕಿಲ್ಲ."

ಮಾತು ಸರಿಯಾಗಿಯೇ ಇತ್ತು. ಕಲಂದರನ ಅಪ್ಪನಿದ್ದಿದ್ದರೆ ಅವನೂ ಅದನ್ನೇ ಹೇಳುತ್ತಿದ್ದ. ಆದರೂ ಅವನು ಬಿಡಲಿಲ್ಲ. "ಆಯ್ತು, ಅಂವ ಕಳ್ಳ ಅಂತಾನೇ ಇಟ್ಕೊ. ನಿಂಗೆ ಬೇಕಾಗಿರದು ಬಾಗ್ಲು ತಗೀತಾಳಾ ಇಲ್ವಾ ಅನ್ನದು ತಾನೆ?"

"ಮಾರಮ್ಮನ ತಲೆ ಮ್ಯಾಗಿನ ಹೂವ ನಾನೇ ಕೈ ಆಕಿ ತಳ್ಳಿ, ಬಲಗಡೆ ಬಿತ್ತು ಅನ್ನಕ್ಕಾಯ್ತದಾ ಕಲಂದರಪ್ಪ?" ಅವಳು ಮತ್ತೆ ದಾರ ಕೈಗೆತ್ತಿಕೊಂಡಳು. "ಕಾಸು ಕೊಟ್ಟು ಬೀಳ್ಸಿದ್ದು ಅಪ್ಪಣೆ ಅಲ್ಲ. ತಾನಾಗೇ ಬೀಳ್ಬೇಕು. ಇಷ್ಟು ದಿನ ಕೊಸರು ಕೊಟ್ಟೋನು ಇದ್ನೂ ಕೊಡ್ತಾನೆ. ಕಾಯನ."

ಅಯ್ಯೋ ದೇವರೇ! ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಹೋಗಲು ಹೆದರಿಕೆ ಎಂದು ಒಮ್ಮೆ ಹೇಳಿದವಳು ಅದೇ ಮಾತಿಗೆ ನಿಂತಿದ್ದರೆ ಯಾರಾದರೂ ಕೈಹಿಡಿದು ಬಸ್ಸು ಹತ್ತಿಸುತ್ತಿದ್ದರು. ಅವಳೋ ಹೆದರಿಕೆಗೆ ಧರ್ಮದ ಸೀರೆ ಉಡಿಸಿದಳು. ಧರ್ಮವನ್ನು ಬಿಡು ಎಂದು ಯಾರು ಹೇಳುತ್ತಾರೆ? ಕಲಂದರ್ ಮಾತ್ರ ಹೇಳಬಹುದಾಗಿತ್ತು. ಅವನಿಗೂ ಅದೇ ಧರ್ಮದ ಹೆಮ್ಮೆ.

ಮುಂದಿನ ತಿಂಗಳು ಕೀಬೋರ್ಡ್ ತರಲು ಮೈಸೂರಿಗೆ ಹೋದಾಗ ಅವನು ಆ ಡಬ್ಬಿಯನ್ನು ಕಂಡ. ದೊಡ್ಡ ಅಂಗಡಿ, ಗಾಜಿನ ಕಪಾಟು, ಒಂದೇ ಒಂದು ಡಬ್ಬಿ. ಅದರ ಮೇಲೆ ಆ ಮನೆಯ ಚಿತ್ರ, ಅದೇ ಮುಚ್ಚಿದ ಬಾಗಿಲು. ಕೈಗೆ ತೆಗೆದುಕೊಂಡ. ಜೇಬಿನಲ್ಲಿ ಹಣವಿತ್ತು. ತಂದು ಆಡಿಬಿಡುವುದು, ಪುಕ್ಕಟೆ ಬಂತು ಎಂದು ಅವಳಿಗೆ ಹೇಳಿಬಿಡುವುದು ಎಂಬ ಯೋಚನೆಯೂ ಬಂತು. ಒಂದು ಸುಳ್ಳು ಅಷ್ಟೆ. ಆದರೆ ಪರದೆಯ ಎದುರು ಅವಳು ಕೈಮುಗಿದು ಕೂರುವುದು ಕಣ್ಣಿಗೆ ಕಟ್ಟಿತು. ಅಪ್ಪಣೆ ಕೇಳುವವಳ ಮುಂದೆ ಹೂವನ್ನು ತಾನು ತಳ್ಳುವುದೇ? ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬಂದ. ಬಸ್ಸಿನಲ್ಲಿ ದಾರಿಯುದ್ದಕ್ಕೂ ತಾನು ದೊಡ್ಡ ಮನುಷ್ಯನಾದೆ ಎಂದುಕೊಂಡ. ಮತ್ತೊಮ್ಮೆ ಹೋದಾಗ ಆ ಡಬ್ಬಿ ಇರಲಿಲ್ಲ. "ಖಾಲಿ, ಇನ್ನು ಬರಲ್ಲ" ಎಂದರು.

ಅಂಗಡಿಗೆ ಬರುತ್ತಿದ್ದ ಕಾಲೇಜಿನವನೊಬ್ಬ ಎಲ್ಲೋ ಓದಿದ್ದ, "ಕೊನೆಗೆ ಏನಾಗ್ತದೆ ನಾನ್ ಹೇಳ್ಲಾ?" ಎಂದ. ಚಿಕ್ಕನಿಂಗಮ್ಮ ಎರಡೂ ಕಿವಿ ಮುಚ್ಚಿಕೊಂಡು "ಥೂ, ಎದ್ದೋಗ್ಲಾ ಅತ್ಲಾಗೆ!" ಎಂದು ಕೂಗಿದಳು. ಆ ಹುಡುಗ ಮತ್ತೆ ಅಂಗಡಿ ಕಡೆ ಬರಲಿಲ್ಲ. ಬರದವರು ಅವನೊಬ್ಬನೇ ಅಲ್ಲ. ಬಸ್ ಸ್ಟ್ಯಾಂಡಿನ ಹತ್ತಿರ ಹೊಸ ಅಂಗಡಿಯಾಗಿತ್ತು, ಅಲ್ಲಿ ಎಲ್ಲ ಆಟವೂ ನಕಲು, ಎಲ್ಲವೂ ಸಿಗುತ್ತಿತ್ತು. ಕಲಂದರನ ಕಂಪ್ಯೂಟರುಗಳು ಒಂದೊಂದಾಗಿ ಕೆಟ್ಟವು. ರಿಪೇರಿ ಮಾಡಲು ಬರುತ್ತಿದ್ದರೂ ಮಾಡುವ ಮನಸ್ಸು ಬರುತ್ತಿರಲಿಲ್ಲ.

ಒಂದೆರಡು ಸಲ ಅವನು ಹೇಳಿ ನೋಡಿದ. "ಅಕ್ಕ, ಆಟ ಸಾಯ್ಲಿ. ಭಾನುವಾರ ತಾಹಿರಾನ ಅಮ್ಮನ ಮನೆಗೆ ಓಯ್ತಾ ಇದ್ದೀವಿ. ನೀನೂ ಬಾ. ನಾನೇ ಬಾಗ್ಲು ಬಡೀತೀನಿ. ಬೈದ್ರೆ ನಂಗ್ ಬಯ್ಲಿ."

"ಬತ್ತೀನಿ ಬುಡಪ್ಪ. ಒಂದ್ ಅಪ್ಪಣೆ ಸಿಗ್ಲಿ, ಬತ್ತೀನಿ."

ಎರಡು ಸಾವಿರದ ಎಂಟರ ಮಳೆಗಾಲದಲ್ಲಿ ತಾಹಿರಾ ತವರಿಗೆ ಹೋಗಿ ಬಂದಳು. ಬಂದವಳು ಬುರ್ಖಾ ಕೂಡ ತೆಗೆಯದೆ ಕಲಂದರನ ಎದುರು ಕೂತಳು. ಆ ಚೆಂಡುಹೂ ಬಿಡಿಸುವ ನಾಗಮಣಿ ಸತ್ತುಹೋಗಿದ್ದಾಳೆ ಎಂದಳು. ಜ್ವರವಂತೆ. ಮೊದಲು ಮಾತ್ರೆ ನುಂಗಿ ಹೊಲಕ್ಕೆ ಹೋಗುತ್ತಿದ್ದಳಂತೆ, ಆಮೇಲೆ ಏಳಲಿಲ್ಲವಂತೆ. ತಿಥಿಯೂ ಆಗಿ ಮುಗಿದಿದೆ.

"ನಿಮ್ಮಕ್ಕನಿಗೆ ನೀವೇ ಹೇಳಿ" ಎಂದು ಉರ್ದುವಿನಲ್ಲಿ ಹೇಳಿ ಅಡುಗೆಮನೆಗೆ ಎದ್ದುಹೋದಳು.

ಹೇಳುವುದು ಹೇಗೆ? ಮಾರನೆಯ ಬೆಳಿಗ್ಗೆ ಕಲಂದರ್ ಅಂಗಡಿಯ ಬಾಗಿಲು ತೆಗೆಯದೆ ಮೆಟ್ಟಿಲ ಮೇಲೆಯೇ ಕೂತ. ಚಿಕ್ಕನಿಂಗಮ್ಮ ಮಂಕರಿ ಇಳಿಸಿ, ಒದ್ದೆ ಬಟ್ಟೆ ಸರಿಸಿ, ಕಂಪ್ಯೂಟರಿಗೆಂದು ತುಂಡು ಹೂ ಎತ್ತಿಕೊಂಡಳು.

"ಯಾಕಪ್ಪ, ಬೀಗ ತಗೀನಿಲ್ಲ?"

ಅವನು ಹೇಳಿದ. ಸುತ್ತಿಬಳಸದೆ ಹೇಳಿದ. ಅವಳು ಅಳುತ್ತಾಳೆ, ಎದೆ ಬಡಿದುಕೊಳ್ಳುತ್ತಾಳೆ ಎಂದುಕೊಂಡಿದ್ದ. ಅವಳು ಕೈಯಲ್ಲಿದ್ದ ಹೂವನ್ನು ಮಂಕರಿಗೆ ಹಾಕಿ ಬಟ್ಟೆ ಮುಚ್ಚಿದಳು. "ಗುಂಡ್ಲುಪೇಟೆ ಬಸ್ಸು ಎಷ್ಟೊತ್ತಿಗದೆ?" ಎಂದು ಕೇಳಿದಳು. ಕಲಂದರ್ ಎದ್ದು ನಿಂತ. ಇದೇ ಮಾತನ್ನು ಅವಳ ಬಾಯಿಂದ ಕೇಳಲು ಎರಡು ವರ್ಷದಿಂದ ಕಾಯುತ್ತಿದ್ದ.

ಇಬ್ಬರೂ ಹೋದರು. ಕಿಟಕಿಯಾಚೆ ಹೊಲಗಳಲ್ಲಿ ಚೆಂಡುಹೂ ಹಳದಿಯಾಗಿ ಅರಳಿತ್ತು, ಹೆಂಗಸರು ಬಗ್ಗಿ ಬಿಡಿಸುತ್ತಿದ್ದರು. ಚಿಕ್ಕನಿಂಗಮ್ಮ ಒಬ್ಬೊಬ್ಬರನ್ನೂ ತಿರುತಿರುಗಿ ನೋಡಿದಳು. ನಾಗಮಣಿಯ ಮನೆ ಸಣ್ಣ ಹೆಂಚಿನ ಮನೆ. ಬಾಗಿಲಿಗೆ ಬೀಗ ಬಿದ್ದಿತ್ತು. ಚಿಕ್ಕಮಾದು ಲಾರಿ ತೆಗೆದುಕೊಂಡು ಕೇರಳದ ಕಡೆ ಹೋಗಿದ್ದ. ಬೀಗ ಕಣ್ಣೆದುರೇ ಇದ್ದರೂ ಚಿಕ್ಕನಿಂಗಮ್ಮ ಮೆಟ್ಟಿಲು ಹತ್ತಿ ಬಾಗಿಲು ಬಡಿದಳು.

"ನಾಗಿ" ಎಂದಳು. "ನಾನು ಕಣಮ್ಮಿ."

ಕಲಂದರ್ ಆಚೆ ಮುಖ ತಿರುಗಿಸಿದ. ಬಡಿತ ಕೇಳಿ ಪಕ್ಕದ ಮನೆಯಿಂದ ಮಲ್ಲಿಗಮ್ಮ ಎಂಬವಳು ಹೊರಗೆ ಬಂದಳು. ನಾಗಮಣಿಯ ಜೊತೆ ಕೂಲಿಗೆ ಹೋಗುತ್ತಿದ್ದವಳು. ಮುಖ ನೋಡಿದ ಕೂಡಲೇ ಅವಳಿಗೆ ಯಾರೆಂದು ತಿಳಿಯಿತು.

"ನೀನಾ ಅವ್ಳಕ್ಕ? ಈಗ್ ಬಂದ್ಯಾ?" ಎಂದಳು. ಸಿಟ್ಟಿನಿಂದಲೇ ಎಂದಳು. "ಮಲಗಿದ್ದಾಗ್ಲೂ ನಿನ್ ಯೆಸರೇ ಯೋಳೋಳು. 'ನಮ್ಮಕ್ಕ ಬತ್ತಾಳೆ, ಗಟ್ಟಿ ಹಾಲು ತಂದಿಡು' ಅನ್ನೋಳು ನಂಗೆ. ಹೋದ್ ತಿಂಗಳು ಬಂದಿದ್ರೆ ಎದ್ದು ಕಾಪಿ ಕಾಯ್ಸಿ ಕೊಡೋಳು ಕಣವ್ವ."

ಚಿಕ್ಕನಿಂಗಮ್ಮ ಆ ಮೆಟ್ಟಿಲ ಮೇಲೆ ಕೂತಳು. ಬಿಸಿಲು ಇಳಿಯುವ ತನಕ ಕೂತಿದ್ದಳು. ಮಲ್ಲಿಗಮ್ಮ ಕೊಟ್ಟ ಕಾಫಿ ಮುಟ್ಟಲಿಲ್ಲ. ಕಡೆ ಬಸ್ಸಿಗೆ ಹೊತ್ತಾಯಿತು ಎಂದು ಕಲಂದರನೇ ಎಬ್ಬಿಸಿ ಕರೆತಂದ.

ಆಮೇಲೂ ಅವಳು ಹೂ ಮಾರಿದಳು. ಹೊಟ್ಟೆ ಕೇಳಬೇಕಲ್ಲ. ಆದರೆ ಅಂಗಡಿಯೊಳಗೆ ಕಾಲಿಡಲಿಲ್ಲ. ಕಂಪ್ಯೂಟರಿನ ತಲೆಯ ಮೇಲಿದ್ದ ಕೊನೆಯ ತುಂಡು ಕಾಕಡ ಅಲ್ಲೇ ಒಣಗಿ ಕಂದಾಗಿ ಉದುರಿತು. ಕಲಂದರ್ ಅದನ್ನು ಗುಡಿಸಲಿಲ್ಲ.

ಎರಡು ಸಾವಿರದ ಒಂಬತ್ತರಲ್ಲಿ ಆ ಕಂಪನಿ ಹೊಸದೊಂದು ಆಟ ತರುತ್ತಿತ್ತು. ಅದರ ಜಾಹೀರಾತಿಗೆಂದು ಹಳೆಯ ಆಟದ ಎಕ್ಸ್‌ಪ್ಯಾನ್ಷನ್ ಪ್ಯಾಕನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಯಾರು ಬೇಕಾದರೂ ಡೌನ್‌ಲೋಡ್ ಮಾಡಿಕೊಳ್ಳಿ, ಪುಕ್ಕಟೆ. ಕೆಲಸವಿಲ್ಲದೆ ಕೂತಿದ್ದ ಕಲಂದರ್ ಆ ಸುದ್ದಿಯನ್ನು ಓದಿದ, ಮತ್ತೆ ಓದಿದ. ಚಿಕ್ಕನಿಂಗಮ್ಮ ಹೇಳಿದ್ದು ಸುಳ್ಳಾಗಲಿಲ್ಲ. ಕೊಸರು ತಾನಾಗಿಯೇ ಬಿದ್ದಿತ್ತು. ಅವನಿಗೆ ಆ ಪರದೆಯನ್ನು ಒದ್ದು ಒಡೆಯಬೇಕು ಎನಿಸಿತು. ಒಡೆಯಲಿಲ್ಲ, ಇಳಿಸಿಕೊಂಡ. ಈಗ ಬ್ರಾಡ್‌ಬ್ಯಾಂಡ್ ಬಂದಿತ್ತು, ಮಧ್ಯಾಹ್ನದ ಊಟ ಮುಗಿಯುವುದರೊಳಗೆ ಇಳಿದಿತ್ತು.

ಅವಳಿಗೆ ಹೇಳಲಿಲ್ಲ. ಸ್ಪೀಕರಿನ ಸದ್ದು ಅಡಗಿಸಿ ಆಟ ಹಚ್ಚಿದ. ಅದೇ ಹಿಮ, ಅದೇ ಕೋಟು, ಅದೇ ಕಿಟಕಿಯ ದೀಪ. ಅಕ್ಕ ಬಾಗಿಲು ಬಡಿದಳು. ಒಂದೇ ಸಲ ಬಡಿದದ್ದು. ಬಾಗಿಲು ತೆರೆಯಿತು. ತಂಗಿ ಒಲೆಯ ಮೇಲಿನ ಪಾತ್ರೆಯನ್ನು ಕೈಯಲ್ಲೇ ಹಿಡಿದು ಬಂದಿದ್ದಳು. ಪರದೆಯ ಕೆಳಗೆ ಮಾತು ಮೂಡಿತು. ಅದನ್ನು ಓದಲು ಕಲಂದರನ ಇಂಗ್ಲಿಷು ಸಾಕಾಯಿತು: 'ತಡ ಮಾಡಿದೆ. ಬಾ, ಒಳಗೆ ಕೂತ್ಕೋ.' ಆಮೇಲೆ ಮತ್ತೆ ಬೆಟ್ಟ, ಕಾಡು, ಬೇರೇನೇನೋ ಸಾಹಸ. ಅವನು ಅದನ್ನೆಲ್ಲ ನೋಡಲಿಲ್ಲ. ಕಣ್ಣು ಒರೆಸಿಕೊಂಡು ಯಂತ್ರ ಆರಿಸಿದ.

ಹೊರಗೆ ಬಂದಾಗ ಚಿಕ್ಕನಿಂಗಮ್ಮ ತಲೆಯೆತ್ತದೆ ಹೂ ಕಟ್ಟುತ್ತಿದ್ದಳು.

"ಬಂತಾ?" ಎಂದಳು.

ಹೇಗೆ ತಿಳಿಯಿತೋ. ಕಿಟಕಿಯಿಂದ ಹಿಮದ ಬೆಳಕು ಕಂಡಿರಬೇಕು, ಇಲ್ಲವೇ ಅವನ ಮುಖವೇ ಹೇಳಿರಬೇಕು. ಅವನಿಗೆ ಇಲ್ಲ ಎನ್ನಲು ಆಗಲಿಲ್ಲ.

"ಬಂತು ಕಣಕ್ಕ."

"ಕಾಸು ಕೊಟ್ಯಾ?"

"ಇಲ್ಲ. ಕೊಸರು."

ಅವಳ ಬೆರಳುಗಳು ಇನ್ನೂ ಎರಡು ಮೊಗ್ಗು ಕಟ್ಟಿದವು. "ತಗುದ್ಳಾ?"

ಮೈಸೂರಿನ ಅಂಗಡಿಯಲ್ಲಿ ಸುಳ್ಳಿಗೆ ಹಿಂಜರಿದಿದ್ದ ಕಲಂದರ್ ಈಗ ಒಂದು ಸುಳ್ಳು ಹೇಳಿದ. "ಇಲ್ಲ ಕಣಕ್ಕ. ತಗೀನಿಲ್ಲ. ಅಕ್ಕ ಎಷ್ಟ್ ಬಡುದ್ರೂ ತಗೀನೇ ಇಲ್ಲ. ವಾಪಸ್ ಒಂಟೋದ್ಳು." ಹೋಗಿದ್ದರೂ ಪ್ರಯೋಜನವಿರಲಿಲ್ಲ ಎಂದು ಅವಳಿಗೆ ಅನಿಸಲಿ, ಅಷ್ಟಾದರೂ ನೆಮ್ಮದಿ ಸಿಗಲಿ ಎಂದುಕೊಂಡ.

ಚಿಕ್ಕನಿಂಗಮ್ಮ ಅವನನ್ನು ನೋಡಿದಳು. ಬೇಸರದಿಂದ ನೋಡಲಿಲ್ಲ, ಹಸಿವಾದ ಮಗುವನ್ನು ನೋಡುವ ಹಾಗೆ ನೋಡಿದಳು.

"ಸುಳ್ಳು ಯೋಳ್ಬ್ಯಾಡ ಕಲಂದರಪ್ಪ" ಎಂದಳು. "ತಗೀದೆ ಇದ್ದೋಳು ನಾನು. ತಂಗಿ ತಗುದಿರ್ತಾಳೆ."

ಅಷ್ಟರಲ್ಲಿ ಒಬ್ಬ ಹೆಂಗಸು ಬಂದು ಒಂದು ಮೊಳ ಕಾಕಡ ಕೇಳಿದಳು. ಚಿಕ್ಕನಿಂಗಮ್ಮ ಬೆರಳು ಚಾಚಿ ಮೊಳ ಹಾಕಿ, ಅಳತೆಗೆ ಸರಿಯಾಗಿ ದಾರ ಕತ್ತರಿಸಿದಳು. ಹೆಂಗಸು ಕೊಸರಿಗೆಂದು ಕೈ ಚಾಚಿಕೊಂಡು ಸ್ವಲ್ಪ ಹೊತ್ತು ಕಾದಳು, ಆಮೇಲೆ ಹೊರಟುಹೋದಳು.